ರಾತ್ರಿ ನುಂಗಿದ ಮಾತ್ರೆ ಮಧ್ಯಾಹ್ನದವರೆಗೂ ಬಿಡುತ್ತಿಲ್ಲ: ಹೈಡ್ರಾಕ್ಸಿಜಿನ್ ಬಗ್ಗೆ ಗೊತ್ತಿದ್ದವರು ಹೇಳಿ

ಅರ್ಧನಿದ್ದೆ

ಎಲ್ಲರಿಗೂ ನಮಸ್ಕಾರ. ಒಂದೂವರೆ ತಿಂಗಳಿಂದ ಮೈಮೇಲೆ ಪಿತ್ತಗಂಧೆ ಏಳುತ್ತಿದೆ. ಸಂಜೆಯಾದರೆ ಸಾಕು, ಸೊಂಟ, ತೊಡೆ, ಬೆನ್ನು ಎಲ್ಲ ಕಡೆ ಕೆಂಪು ದದ್ದು. ಕೆರೆದಷ್ಟೂ ಜಾಸ್ತಿ. ಡಾಕ್ಟರು ಹೈಡ್ರಾಕ್ಸಿಜಿನ್ 25 ಮಿ.ಗ್ರಾಂ. ಬರೆದುಕೊಟ್ಟರು. ರಾತ್ರಿ ಮಲಗುವಾಗ ಒಂದು. "ಸ್ವಲ್ಪ ನಿದ್ದೆ ಬರುತ್ತೆ" ಅಂದರು, ಅಷ್ಟೇ.

ತುರಿಕೆ ಕಡಿಮೆಯಾಯಿತು, ಸುಳ್ಳು ಹೇಳಬಾರದು. ಎಷ್ಟೋ ದಿನದ ಮೇಲೆ ಉಗುರಿನಲ್ಲಿ ರಕ್ತದ ಕಲೆ ಇಲ್ಲದೆ ಎದ್ದೆ. ಆದರೆ ಎದ್ದಿದ್ದು ಮೈ ಮಾತ್ರ. ರಾತ್ರಿ 11ಕ್ಕೆ ಮಾತ್ರೆ, ಬೆಳಗ್ಗೆ 7ಕ್ಕೆ ಅಲಾರಂ. ಹಲ್ಲುಜ್ಜುತ್ತಾ ನಿಂತವಳು ಎಷ್ಟು ಹೊತ್ತು ಉಜ್ಜಿದೆನೋ ಗೊತ್ತಿಲ್ಲ. ಬಾಯಿ ಮರದ ಹಲಗೆ ಥರ ಒಣಗಿರುತ್ತದೆ. ಆಫೀಸಿನಲ್ಲಿ ಒಂದೇ ಮೇಲ್ ನಾಲ್ಕು ಸಲ ಓದಿ, ಕೊನೆಗೆ ಬೇರೆಯವರಿಗೆ ಉತ್ತರ ಕಳಿಸಿದೆ.

ಇಲ್ಲಿ ಬರೆಯುವುದಕ್ಕೆ ಕಾರಣ ನಿನ್ನೆ ಆದದ್ದು. ಸ್ಕೂಟರಿನಲ್ಲಿ ಸಿಗ್ನಲ್ ಹತ್ತಿರ ನಿಂತಿದ್ದೆ. ತೂಕಡಿಕೆ ಇರಲಿಲ್ಲ, ಕಣ್ಣು ಪೂರ್ತಿ ತೆರೆದೇ ಇತ್ತು. ದೀಪ ಹಸಿರಾಯಿತು. ನೋಡಿದೆ. ಹಸಿರು ಅಂತ ಗೊತ್ತಾಯಿತು. ಆದರೆ "ಹೊರಡು" ಅನ್ನುವುದು ಕೈಗೆ ತಲುಪಲೇ ಇಲ್ಲ. ಹಿಂದಿನವರು ಹಾರ್ನ್ ಹೊಡೆದ ಮೇಲೆ ಬೆಚ್ಚಿಬಿದ್ದೆ.

ಅರ್ಧ ಮಾತ್ರೆ ಮಾಡಲಾ? ಬೇಗ ತೆಗೆದುಕೊಳ್ಳಲಾ? ಬಿಟ್ಟೇ ಬಿಡಲಾ? ಡಾಕ್ಟರ ಹತ್ತಿರ ಮುಂದಿನ ವಾರ ಹೋಗುವುದಿದೆ.

ಸ್ಟ್ರಿಪ್‌ಕತ್ತರಿ

ನಾನು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಡಾಕ್ಟರಲ್ಲ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ ಮೇಡಂ.

ಮೊದಲು ಗಡಿಯಾರದ ಲೆಕ್ಕ ನೋಡೋಣ. ದೊಡ್ಡವರಲ್ಲಿ ಹೈಡ್ರಾಕ್ಸಿಜಿನ್ ಅರ್ಧದಷ್ಟು ಖಾಲಿಯಾಗಲು ಸುಮಾರು 20 ಗಂಟೆ ಬೇಕು. ನೀವು 11ಕ್ಕೆ ನುಂಗಿ 7ಕ್ಕೆ ಏಳುತ್ತೀರಿ, ಆಗಿರುವುದು 8 ಗಂಟೆ. ಅಂದರೆ ಹೆಚ್ಚುಕಡಿಮೆ ಮುಕ್ಕಾಲು ಪಾಲು ಔಷಧಿ ಇನ್ನೂ ಮೈಯಲ್ಲೇ ಇದೆ. ಅರ್ಧಕ್ಕೆ ಇಳಿಯುವಾಗ ಮರುದಿನ ಸಂಜೆ 7 ಆಗಿರುತ್ತದೆ. 11ಕ್ಕೆ ಮತ್ತೊಂದು ಮಾತ್ರೆ. ಹಳೇ ಬಾಕಿ ತೀರುವ ಮುಂಚೆಯೇ ಹೊಸ ಸಾಲ! ಹೀಗೆ ಮೂರು ನಾಲ್ಕು ದಿನ ಏರಿ ಆಮೇಲೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಆದ್ದರಿಂದ ನಿಮ್ಮ ಮಧ್ಯಾಹ್ನದ ಮಂಪರು ಸೋಮಾರಿತನ ಅಲ್ಲ, ನಿಮ್ಮ ಕಲ್ಪನೆಯೂ ಅಲ್ಲ.

ರಾತ್ರಿ 11ರ ಬದಲು 8ಕ್ಕೋ 9ಕ್ಕೋ ತೆಗೆದುಕೊಂಡರೆ ಬೆಳಗಿನ ಭಾರ ಸ್ವಲ್ಪ ಇಳಿಯಬಹುದು. ಪೂರ್ತಿ ಹೋಗುವುದಿಲ್ಲ. 10 ಮಿ.ಗ್ರಾಂ. ಮಾತ್ರೆಯೂ ಸಿಗುತ್ತದೆ. ಆದರೆ ಪ್ರಮಾಣ ಬದಲಿಸುವುದು ಚೀಟಿ ಬರೆದವರ ಕೆಲಸ. ಮುಂದಿನ ವಾರದವರೆಗೆ ಕಾಯಬೇಡಿ, ನಾಳೆಯೇ ಫೋನ್ ಮಾಡಿ ಸಿಗ್ನಲ್ ಕತೆ ಹೇಳಿ. "ನಿದ್ದೆ ಬರುತ್ತೆ" ಅಂತ ಮಾತ್ರ ಹೇಳಿದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. "ಹಸಿರು ದೀಪ ನೋಡಿಯೂ ಗಾಡಿ ಎತ್ತಲಿಲ್ಲ" ಅಂದರೆ ಕೇಳಿಸಿಕೊಳ್ಳುತ್ತಾರೆ. ಅಲ್ಲಿಯವರೆಗೆ ದಯವಿಟ್ಟು ಸ್ಕೂಟರ್ ಮುಟ್ಟಬೇಡಿ.

ಇನ್ನು ನನ್ನ ಪ್ರಶ್ನೆಗಳು. ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ? ನೆಗಡಿ ಮಾತ್ರೆಯನ್ನೂ ಸೇರಿಸಿ ಹೇಳಿ. ಹೃದಯದ ತೊಂದರೆ ಇದೆಯಾ? ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಹೃದಯ ನಿಂತು ತೀರಿಕೊಂಡಿದ್ದಾರಾ? ಗರ್ಭಿಣಿ ಆಗಿರುವ ಸಾಧ್ಯತೆ ಇದೆಯಾ? ಇವೆಲ್ಲ ಸುಮ್ನೆ ಕೇಳುತ್ತಿಲ್ಲ, ಒಂದೊಂದಕ್ಕೂ ಕಾರಣ ಇದೆ.

ಹತ್ತುವರ್ಷ

ಇಷ್ಟೆಲ್ಲ ಹೆದರಿಸಬೇಕಾ ಸರ್? ನನಗೆ ಧೂಳಿನ ಅಲರ್ಜಿ. ಹತ್ತು ವರ್ಷದಿಂದ ಕ್ಲೋರ್‌ಫೆನಿರಮಿನ್ 4 ಮಿ.ಗ್ರಾಂ. ನುಂಗುತ್ತಿದ್ದೇನೆ. ಮೊದಲ ವಾರ ನಿದ್ದೆ ಬಂತು, ಆಮೇಲೆ ಏನೂ ಇಲ್ಲ. ಕಾರು ಓಡಿಸುತ್ತೇನೆ, ಲೆಕ್ಕ ಬರೆಯುತ್ತೇನೆ. ಮೈಗೆ ಒಗ್ಗಿಹೋಗುತ್ತದೆ. ಮೇಡಂ, ಹದಿನೈದು ದಿನ ತಡೆದುಕೊಳ್ಳಿ, ಸರಿಹೋಗುತ್ತೆ.

ಸ್ಟ್ರಿಪ್‌ಕತ್ತರಿ

ಸರ್, ನೀವು ಹೇಳಿದ್ದರಲ್ಲಿ ಅರ್ಧ ನಿಜ. ತೂಕಡಿಕೆಗೆ ಮೈ ಒಗ್ಗುತ್ತದೆ. ಎಷ್ಟೋ ಜನರಲ್ಲಿ ಮೂರು ನಾಲ್ಕು ದಿನಕ್ಕೇ ಕಡಿಮೆಯಾಗುತ್ತದೆ. ಇನ್ನರ್ಧಕ್ಕೆ ಬರುತ್ತೇನೆ.

2000ನೇ ಇಸವಿಯಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಒಂದು ಪ್ರಯೋಗ ಪ್ರಕಟಿಸಿದರು. ರಸ್ತೆಯಲ್ಲಲ್ಲ, ಕಾರು ಓಡಿಸಿದ ಅನುಭವ ಕೊಡುವ ಸಿಮ್ಯುಲೇಟರಿನಲ್ಲಿ. 40 ಜನ. ಒಬ್ಬೊಬ್ಬರಿಗೂ ಬೇರೆ ಬೇರೆ ವಾರ ಬೇರೆ ಬೇರೆ ವಸ್ತು: ಒಂದು ಸಲ ಹಳೇ ಅಲರ್ಜಿ ಮಾತ್ರೆ ಡೈಫೆನ್‌ಹೈಡ್ರಮಿನ್ 50 ಮಿ.ಗ್ರಾಂ., ಒಂದು ಸಲ ಹೊಸ ಪೀಳಿಗೆಯ ಅಲರ್ಜಿ ಮಾತ್ರೆ ಫೆಕ್ಸೊಫೆನಡಿನ್, ಒಂದು ಸಲ ರಕ್ತದಲ್ಲಿ ಸುಮಾರು 0.1 ಶೇಕಡಾ ಆಗುವಷ್ಟು ಮದ್ಯ, ಒಂದು ಸಲ ಔಷಧಿಯೇ ಇಲ್ಲದ ಹುಸಿ ಮಾತ್ರೆ. ಒಟ್ಟಾರೆ ಅತಿ ಕೆಟ್ಟದಾಗಿ ಓಡಿಸಿದ್ದು ಯಾವಾಗ ಗೊತ್ತಾ? ಕುಡಿದಾಗ ಅಲ್ಲ, ಡೈಫೆನ್‌ಹೈಡ್ರಮಿನ್ ನುಂಗಿದಾಗ. ಫೆಕ್ಸೊಫೆನಡಿನ್ ನುಂಗಿದವರು ಹುಸಿ ಮಾತ್ರೆ ನುಂಗಿದವರ ಹಾಗೆಯೇ ಓಡಿಸಿದರು.

ನನಗೆ ಅದಕ್ಕಿಂತ ಮುಖ್ಯ ಅನಿಸಿದ್ದು ಇನ್ನೊಂದು. "ನಿಮಗೆ ಎಷ್ಟು ನಿದ್ದೆ ಬರುತ್ತಿದೆ" ಅಂತ ಅವರನ್ನೇ ಕೇಳಿದ್ದರು. ಆ ಉತ್ತರಕ್ಕೂ ಅವರು ಓಡಿಸಿದ ರೀತಿಗೂ ಸರಿಯಾಗಿ ತಾಳೆಯೇ ಆಗಲಿಲ್ಲ. "ನಾನು ಚೆನ್ನಾಗಿದ್ದೇನೆ" ಅಂದವರೂ ಗೆರೆ ದಾಟಿದ್ದರು. ನಮ್ಮ ಮೇಡಂ ಹೇಳಿದ್ದೂ ಅದನ್ನೇ ಅಲ್ವಾ, ಕಣ್ಣು ತೆರೆದೇ ಇತ್ತು ಅಂತ. ನಿದ್ದೆ ಬರುತ್ತಿಲ್ಲ ಅನ್ನುವುದನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಅಳೆಯುವ ಮಿದುಳಿಗೇ ಮಂಪರು ಹಿಡಿದಿರುತ್ತದೆ.

ರಾತ್ರಿಪಾಳಿ

ಇದು ನಿಜ. ನಾನು ಕಾರ್ಖಾನೆಯಲ್ಲಿ ಪ್ರೆಸ್ ಮಷಿನ್ ಮೇಲೆ ಕೆಲಸ ಮಾಡುವವನು. ನೆಗಡಿಗೆ ಅಂತ ಒಂದು ಮಾತ್ರೆ ನುಂಗಿ ಪಾಳಿಗೆ ಹೋಗಿದ್ದೆ. ಕೈ ಒಳಗೆ ಇರುವಾಗಲೇ ಕಾಲು ಪೆಡಲ್ ಹುಡುಕುತ್ತಿತ್ತು. ಪಕ್ಕದವನು ಕಿರುಚಿದ. ಹತ್ತೂ ಬೆರಳು ಇವೆ, ಅದಕ್ಕೇ ಟೈಪ್ ಮಾಡುತ್ತಿದ್ದೇನೆ.

ಅರ್ಧನಿದ್ದೆ

ಅಯ್ಯೋ ದೇವರೇ.

ಸ್ಟ್ರಿಪ್‌ಕತ್ತರಿ ಸರ್, ನಿಮ್ಮ ಪ್ರಶ್ನೆಗಳಿಗೆ ಉತ್ತರ: ಹೃದಯದ ತೊಂದರೆ ಇಲ್ಲ, ಗರ್ಭಿಣಿ ಅಲ್ಲ. ಮನೆಯಲ್ಲಿ ಸೆಟಿರಿಜಿನ್ ಸ್ಟ್ರಿಪ್ ಇದೆ. ಹಗಲು ತುರಿಕೆ ಬಂದಾಗ ಅದನ್ನೂ ಒಂದು ನುಂಗುತ್ತೇನೆ. ಅದು ಬೇರೆ ಔಷಧಿ, ಪರವಾಗಿಲ್ಲ ತಾನೇ?

ಸ್ಟ್ರಿಪ್‌ಕತ್ತರಿ

ಸಿಕ್ಕಿತು ನೋಡಿ ಕಳ್ಳ.

ಹೈಡ್ರಾಕ್ಸಿಜಿನ್ ಹೊಟ್ಟೆಗೆ ಹೋದ ಮೇಲೆ ಲಿವರ್ ಅದನ್ನು ಏನಾಗಿ ಬದಲಿಸುತ್ತದೆ ಗೊತ್ತಾ? ಸೆಟಿರಿಜಿನ್ ಆಗಿ. ಅಣ್ಣನನ್ನು ಮನೆಗೆ ಊಟಕ್ಕೆ ಕರೆದರೆ ತಮ್ಮನೂ ಹಿಂದೆಯೇ ಬಂದ ಹಾಗೆ. ನೀವು ರಾತ್ರಿ ಹೈಡ್ರಾಕ್ಸಿಜಿನ್ ತೆಗೆದುಕೊಂಡರೆ ಸೆಟಿರಿಜಿನ್ ಆಗಲೇ ಒಳಗೆ ತಯಾರಾಗಿರುತ್ತದೆ. ಅದರ ಮೇಲೆ ಇನ್ನೊಂದು ಸೆಟಿರಿಜಿನ್ ಅಂದರೆ ಒಂದೇ ಔಷಧಿ ಎರಡು ಬಾಗಿಲಿಂದ ಬಂದಂತೆ. ಹೊಸ ಪೀಳಿಗೆಯದೇ ಆದರೂ ಸೆಟಿರಿಜಿನ್ ಸಹ ಕೆಲವರಿಗೆ ಚೆನ್ನಾಗಿಯೇ ಜೋಂಪು ತರುತ್ತದೆ. ಡಾಕ್ಟರು ಹೇಳಿ ಎರಡೂ ಕೊಟ್ಟಿದ್ದರೆ ಬೇರೆ ಮಾತು. ನೀವಾಗಿಯೇ ಸೇರಿಸಿಕೊಂಡಿದ್ದರೆ ಇವತ್ತೇ ನಿಲ್ಲಿಸಿ, ಡಾಕ್ಟರಿಗೆ ಇದನ್ನೂ ಹೇಳಿ.

ಅಂಗಡಿಯಲ್ಲಿ ದಿನಾ ನೋಡುವ ತಪ್ಪು ಇದು. ಅಲರ್ಜಿಗೆ ಒಂದು ಮಾತ್ರೆ, ನೆಗಡಿಗೆ ಒಂದು, ಕೆಮ್ಮಿಗೆ ಒಂದು ಸಿರಪ್. ಮೂರು ಬೇರೆ ಬೇರೆ ಹೆಸರು, ಮೂರು ಬೇರೆ ಬೇರೆ ಬಣ್ಣ. ತಿರುಗಿಸಿ ಸಣ್ಣ ಅಕ್ಷರ ಓದಿದರೆ ಒಂದರಲ್ಲಿ ಕ್ಲೋರ್‌ಫೆನಿರಮಿನ್, ಇನ್ನೊಂದರಲ್ಲೂ ಕ್ಲೋರ್‌ಫೆನಿರಮಿನ್, ಮೂರನೆಯದರಲ್ಲಿ ಡೈಫೆನ್‌ಹೈಡ್ರಮಿನ್. ದೊಡ್ಡ ಅಕ್ಷರದ ಹೆಸರನ್ನು ಬಿಡಿ, ಅದರ ಕೆಳಗಿನ ಸಾಲು ಓದಿ. ಸ್ಟ್ರಿಪ್ ಕತ್ತರಿಸಿ ಕೊಡುವಾಗ ಆ ಸಾಲೇ ಹೊರಟುಹೋಗುವುದೂ ಉಂಟು, ಅದು ನಮ್ಮವರ ತಪ್ಪು. ಕೇಳಿ ಬರೆಸಿಕೊಳ್ಳಿ.

ಅಪ್ಪನಕೋಲು

ಈ ನೆಗಡಿ ಮಾತ್ರೆ ವಿಷಯ ಬಂದಿದ್ದರಿಂದ ಬರೆಯುತ್ತಿದ್ದೇನೆ. ನಮ್ಮಪ್ಪನಿಗೆ 74. ಪ್ರಾಸ್ಟೇಟ್ ದಪ್ಪ ಇದೆ ಅಂತ ಮೊದಲೇ ಗೊತ್ತಿತ್ತು. ಮಳೆಗಾಲದಲ್ಲಿ ನೆಗಡಿ ಆಯಿತು. ಮನೆಯಲ್ಲಿದ್ದ ನೆಗಡಿ ಮಾತ್ರೆಯನ್ನು ನಾನೇ ಕೊಟ್ಟೆ, ಬೆಳಗ್ಗೆ ಒಂದು ರಾತ್ರಿ ಒಂದು. ಎರಡನೇ ದಿನ ರಾತ್ರಿ ಅಪ್ಪ ಬಚ್ಚಲಿಗೆ ಹೋಗುವುದು, ಬರುವುದು, ಮತ್ತೆ ಹೋಗುವುದು. ಹತ್ತು ಸಲ ಹೋಗಿರಬಹುದು. ಕೇಳಿದರೆ "ಏನಿಲ್ಲ ಮಗ" ಅನ್ನುತ್ತಾರೆ. ಬೆಳಗಿನ ಜಾವ ನೋಡಿದರೆ ಹಾಸಿಗೆಯ ಅಂಚಿನಲ್ಲಿ ಕೂತು, ತೀರಿಹೋಗಿ ಎಷ್ಟೋ ವರ್ಷವಾದ ನಮ್ಮ ಅಜ್ಜಿಯನ್ನು ಕರೆಯುತ್ತಿದ್ದಾರೆ. ಕೆಳಹೊಟ್ಟೆ ಮುಟ್ಟಿದರೆ ತೆಂಗಿನಕಾಯಿ ಥರ ಗಟ್ಟಿ.

ಆಸ್ಪತ್ರೆಯಲ್ಲಿ ನಳಿಕೆ ಹಾಕಿದಾಗ ಚೀಲ ತುಂಬಿ ಇನ್ನೊಂದು ಚೀಲ ತರಿಸಿದರು. ನಾವು ಅಪ್ಪನಿಗೆ ಮರೆವಿನ ಕಾಯಿಲೆ ಶುರುವಾಯಿತು ಅಂತ ಅಳುತ್ತಿದ್ದೆವು. ಮಾತ್ರೆ ನಿಲ್ಲಿಸಿದ ಎರಡು ಮೂರು ದಿನಕ್ಕೆ ಎಲ್ಲ ತಿಳಿಯಾಯಿತು. ಈಗಲೂ ಆ ಸ್ಟ್ರಿಪ್ಪಿನ ಬಣ್ಣ ನೋಡಿದರೆ ಹೊಟ್ಟೆ ಕಲಸುತ್ತದೆ.

ವಾರ್ಡ್‌ಗಡಿಯಾರ

ಅಪ್ಪನಕೋಲು, ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ನಾನು 18 ವರ್ಷದಿಂದ ನರ್ಸ್. ಇದನ್ನು ಎಷ್ಟು ಸಲ ನೋಡಿದ್ದೇನೋ. ಪ್ರತಿ ಮನೆಯವರೂ ಹೇಳುವುದು ಒಂದೇ: "ಬರೀ ನೆಗಡಿ ಮಾತ್ರೆ ಸಿಸ್ಟರ್."

ಹೀಗಾಗುವುದಕ್ಕೆ ಕಾರಣ ಇದೆ. ಹೈಡ್ರಾಕ್ಸಿಜಿನ್, ಕ್ಲೋರ್‌ಫೆನಿರಮಿನ್ ಥರದ ಈ ಹಳೇ ಅಲರ್ಜಿ ಮಾತ್ರೆಗಳು ತುರಿಕೆ, ಸೀನು ತರಿಸುವ ಹಿಸ್ಟಮಿನ್ ಒಂದನ್ನೇ ತಡೆಯುವುದಿಲ್ಲ. ಅಸಿಟೈಲ್‌ಕೋಲಿನ್ ಅಂತ ಇನ್ನೊಂದು ರಾಸಾಯನಿಕ ಇದೆ, ಅದನ್ನೂ ತಡೆಯುತ್ತವೆ. ಬಾಯಲ್ಲಿ ಜೊಲ್ಲು ಬರಬೇಕು, ಕರುಳು ಚಲಿಸಬೇಕು, ಮೂತ್ರಕೋಶ ಹಿಂಡಬೇಕು, ಹತ್ತಿರದ ಅಕ್ಷರಕ್ಕೆ ಕಣ್ಣು ಹೊಂದಿಕೊಳ್ಳಬೇಕು, ನೆನಪು ನಿಲ್ಲಬೇಕು ಅಂದರೆ ಅದು ಬೇಕು. ತಡೆದರೆ? ಬಾಯಿ ಒಣಗುತ್ತದೆ, ಮಲ ಕಟ್ಟುತ್ತದೆ, ಮೂತ್ರ ನಿಲ್ಲುತ್ತದೆ, ಓದುವಾಗ ಅಕ್ಷರ ಮಸುಕಾಗುತ್ತದೆ, ವಯಸ್ಸಾದವರಿಗೆ ದಿಕ್ಕು ತಪ್ಪುತ್ತದೆ. ಈ ಐದೂ ಒಂದೇ ಬೇರಿನವು. ಹಾಗಾಗಿ ಪ್ರಾಸ್ಟೇಟ್ ದಪ್ಪ ಇರುವವರು, ಕಣ್ಣಿನ ಕೋನ ಕಿರಿದಾಗುವ ಗ್ಲಾಕೋಮಾ ಇರುವವರು ಇವನ್ನು ಕೇಳದೆ ಮುಟ್ಟಲೇಬಾರದು. ಮರೆವಿನ ಕಾಯಿಲೆಗೆ ಡೊನೆಪೆಜಿಲ್ ತೆಗೆದುಕೊಳ್ಳುವವರಿಗೆ ಇದನ್ನು ಕೊಟ್ಟರೆ ಒಂದು ಮಾತ್ರೆ ಗಾಡಿ ಎಳೆಯುತ್ತದೆ, ಇನ್ನೊಂದು ಬ್ರೇಕ್ ಹಾಕುತ್ತದೆ.

ವಯಸ್ಸಾದವರಿಗೆ ಆದಷ್ಟು ಬೇಡ ಅನ್ನುವ ಔಷಧಿಗಳ ಪಟ್ಟಿ ಒಂದಿದೆ, ಬಿಯರ್ಸ್ ಪಟ್ಟಿ ಅಂತ. 1991ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು. ಹೈಡ್ರಾಕ್ಸಿಜಿನ್, ಡೈಫೆನ್‌ಹೈಡ್ರಮಿನ್, ಕ್ಲೋರ್‌ಫೆನಿರಮಿನ್, ಪ್ರೊಮೆಥಜಿನ್ ಎಲ್ಲವೂ ಅದರಲ್ಲಿವೆ. ವಯಸ್ಸಾದವರಲ್ಲಿ ಹೈಡ್ರಾಕ್ಸಿಜಿನ್ ಅರ್ಧಕ್ಕೆ ಇಳಿಯಲು 29 ಗಂಟೆಯ ಹತ್ತಿರ ಬೇಕು. ಸ್ಟ್ರಿಪ್‌ಕತ್ತರಿ ಸರ್ ಹೇಳಿದ ಸಾಲದ ಲೆಕ್ಕ ಅವರಿಗೆ ಇನ್ನೂ ಭಾರ.

ನಮ್ಮ ವಾರ್ಡಿಗೆ ಸೊಂಟದ ಮೂಳೆ ಮುರಿದುಕೊಂಡು ಬರುವ ಅಜ್ಜಿಯರನ್ನು ನಾನು ಮೊದಲು ಕೇಳುವ ಪ್ರಶ್ನೆ: ಎಷ್ಟು ಗಂಟೆಗೆ ಬಿದ್ದಿರಿ? ಎಷ್ಟೋ ಸಲ ಉತ್ತರ ಒಂದೇ, ರಾತ್ರಿ ಬಚ್ಚಲಿಗೆ ಎದ್ದಾಗ. ಎರಡನೆಯ ಪ್ರಶ್ನೆ: ಮಲಗುವ ಮುಂಚೆ ಏನು ನುಂಗಿದಿರಿ?

ಹತ್ತುವರ್ಷ

ಸಿಸ್ಟರ್, ನನಗೆ 58. ಇನ್ನೂ ವಯಸ್ಸಾಗಿಲ್ಲ ಅಂದುಕೊಂಡಿದ್ದೇನೆ. ಆದರೂ ಒಂದು ಡೌಟು. ಮಲ ಕಟ್ಟುವುದಕ್ಕೆ ಬೇರೆ ಪುಡಿ ತೆಗೆದುಕೊಳ್ಳುತ್ತಿದ್ದೇನೆ, ನಾಲ್ಕು ವರ್ಷ ಆಯಿತು. ಅದಕ್ಕೂ ಇದಕ್ಕೂ ಸಂಬಂಧ ಇರಬಹುದಾ?

ವಾರ್ಡ್‌ಗಡಿಯಾರ

ಇರಬಹುದು. ಬೇರೆ ಕಾರಣವೂ ಇರಬಹುದು. ಎರಡನ್ನೂ ಒಬ್ಬರೇ ಡಾಕ್ಟರಿಗೆ ಒಟ್ಟಿಗೆ ತೋರಿಸಿದ್ದೀರಾ?

ಹತ್ತುವರ್ಷ

ಇಲ್ಲ. ಅಲರ್ಜಿ ಮಾತ್ರೆಗೆ ಡಾಕ್ಟರು ಯಾಕೆ ಅಂತ ನಾನೇ ತಗೊಳ್ತಾ ಬಂದೆ.

ಪುಟಾಣಿಯಮ್ಮ

ನನ್ನದು ಬೇರೆ ಸಮಸ್ಯೆ. ಮೂರೂವರೆ ವರ್ಷದ ಮಗಳಿಗೆ ತುರಿಕೆಗೆ ಸಿರಪ್ ಕೊಟ್ಟಿದ್ದಾರೆ. ನಿದ್ದೆ ಬರುತ್ತೆ ಅಂದಿದ್ದರು. ಇವಳು ನೋಡಿದರೆ ರಾತ್ರಿ 12 ಗಂಟೆಗೆ ಮಂಚದ ಮೇಲೆ ಕುಣಿಯುತ್ತಿದ್ದಾಳೆ, ಸುಮ್ಮಸುಮ್ಮನೆ ಅಳುತ್ತಾಳೆ, ನಗುತ್ತಾಳೆ. ಸಾಲಲಿಲ್ಲವೇನೋ ಅಂತ ಇನ್ನರ್ಧ ಚಮಚ ಕೊಡೋಣ ಅಂತಿದ್ದಾರೆ ಅತ್ತೆ.

ವಾರ್ಡ್‌ಗಡಿಯಾರ

ಬೇಡ ಬೇಡ, ಇನ್ನರ್ಧ ಚಮಚ ಖಂಡಿತ ಬೇಡ!

ಕೆಲವು ಮಕ್ಕಳಿಗೆ ಈ ಔಷಧಿ ಉಲ್ಟಾ ಕೆಲಸ ಮಾಡುತ್ತದೆ. ಜೋಂಪು ಬರುವ ಬದಲು ಕೆರಳಿಸುತ್ತದೆ. ಸಾಲದೆ ಹೀಗಾಗಿದ್ದಲ್ಲ. ಇನ್ನಷ್ಟು ಕೊಟ್ಟರೆ ಇನ್ನಷ್ಟು ಕೆರಳಬಹುದು, ಅಪಾಯವೂ ಆಗಬಹುದು. ಮುಂದಿನ ಡೋಸ್ ಕೊಡುವ ಮುಂಚೆ ಮಕ್ಕಳ ಡಾಕ್ಟರಿಗೆ ಫೋನ್ ಮಾಡಿ. ಅತ್ತೆಯವರಿಗೆ ನಾನು ಹೇಳಿದೆ ಅಂತಲೇ ಹೇಳಿ, ಬೈದರೆ ನನ್ನನ್ನು ಬೈಯಲಿ.

ಅಂದಹಾಗೆ ಯಾವ ಚಮಚದಲ್ಲಿ ಕೊಡುತ್ತಿದ್ದೀರಿ?

ಪುಟಾಣಿಯಮ್ಮ

ಅಡುಗೆಮನೆಯ ಚಮಚ.

ವಾರ್ಡ್‌ಗಡಿಯಾರ

ಒಂದು ಕೆಲಸ ಮಾಡಿ. ಸಿರಪ್ ಜೊತೆ ಬಂದ ಅಳತೆ ಮುಚ್ಚಳದಲ್ಲಿ 5 ಮಿ.ಲೀ. ಗೆರೆಯವರೆಗೆ ನೀರು ಹಾಕಿ, ನಿಮ್ಮ ಚಮಚಕ್ಕೆ ಸುರಿದು ನೋಡಿ. ಎಷ್ಟು ಬರುತ್ತದೆ ಹೇಳಿ.

ಪುಟಾಣಿಯಮ್ಮ

ಚಮಚ ತುಂಬಲೇ ಇಲ್ಲ. ಮುಕ್ಕಾಲಿಗಿಂತ ಕೆಳಗೇ ನಿಂತಿತು. ಅಂದರೆ ನಾನು ಇಷ್ಟು ದಿನ ಜಾಸ್ತಿ ಕೊಡುತ್ತಿದ್ದೆ.

ವಾರ್ಡ್‌ಗಡಿಯಾರ

ಹೌದು. ಫೋನ್ ಮಾಡುವಾಗ ಇದನ್ನೂ ಹೇಳಿ, ನಾಚಿಕೊಳ್ಳಬೇಡಿ. ಸೂಜಿ ಇಲ್ಲದ ಸಿರಿಂಜ್ ಕೇಳಿ ತಂದುಕೊಳ್ಳಿ, ಅದರಷ್ಟು ನಿಖರವಾದದ್ದು ಇನ್ನೊಂದಿಲ್ಲ. ಮಗು ಎಬ್ಬಿಸಿದರೂ ಏಳದಷ್ಟು ಮಂಕಾಗಿದ್ದರೆ, ಉಸಿರಾಟ ನಿಧಾನವಾದರೆ, ಫಿಟ್ಸ್ ಬಂದರೆ ಫೋನ್ ಅಲ್ಲ, ನೇರ ಆಸ್ಪತ್ರೆ.

ಇನ್ನೊಂದು ಮಾತು, ಇದು ಎಲ್ಲ ಅಪ್ಪ ಅಮ್ಮಂದಿರಿಗೆ. ದೂರ ಪ್ರಯಾಣದಲ್ಲಿ ಮಗು ಸುಮ್ಮನೆ ಮಲಗಲಿ ಅಂತ ಈ ಸಿರಪ್ ಕುಡಿಸುವವರಿದ್ದಾರೆ. ನನಗೆ ಇದರ ಬಗ್ಗೆ ಕೋಪವೇ ಬರುತ್ತದೆ. ಪ್ರೊಮೆಥಜಿನ್ ಅನ್ನು ಎರಡು ವರ್ಷದ ಒಳಗಿನ ಮಕ್ಕಳಿಗೆ ಕೊಡಲೇಬಾರದು ಅಂತ ಅಮೆರಿಕದಲ್ಲಿ ಕಪ್ಪು ಚೌಕಟ್ಟು ಹಾಕಿ ಎಚ್ಚರಿಕೆ ಬರೆಸಿದ್ದಾರೆ. ಉಸಿರು ನಿಂತು ಮಕ್ಕಳು ಸತ್ತಿದ್ದಕ್ಕೇ ಆ ಚೌಕಟ್ಟು ಬಂದಿದ್ದು. ಮಗು ಅತ್ತರೆ ಬಸ್ಸಿನವರು ನೋಡುತ್ತಾರೆ, ನೋಡಲಿ ಬಿಡಿ.

ಒಂದೇಪೆಗ್

ಶನಿವಾರ ಸಂಜೆ ಒಂದೇ ಒಂದು ಪೆಗ್, ರಾತ್ರಿ ಮಾತ್ರೆ. ಮಧ್ಯೆ ನಾಲ್ಕು ಗಂಟೆ ಅಂತರ. ಓಕೆನಾ?

ಸ್ಟ್ರಿಪ್‌ಕತ್ತರಿ

ಓಕೆ ಅಲ್ಲ. ನಿಮ್ಮ ಶುಕ್ರವಾರದ ಮಾತ್ರೆಯೂ ಇನ್ನೂ ಒಳಗೇ ಇದೆ, ಆ 20 ಗಂಟೆ ಲೆಕ್ಕ ಮತ್ತೆ ಓದಿ. ಮದ್ಯ, ನಿದ್ದೆ ಮಾತ್ರೆ, ಆತಂಕಕ್ಕೆ ಕೊಡುವ ಆಲ್‌ಪ್ರಜೋಲಮ್ ಥರದವು, ಟ್ರಮಡಾಲ್ ಥರದ ನೋವಿನ ಮಾತ್ರೆ, ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್. ಇವೆಲ್ಲ ಒಂದರ ಮೇಲೊಂದು ಕೂತು ಮಂಪರು ಹೆಚ್ಚಿಸುತ್ತವೆ. ಉಸಿರಾಟವನ್ನೂ ತಗ್ಗಿಸಬಹುದು. ಗೊರಕೆಯ ಜೊತೆ ಮಧ್ಯೆ ಮಧ್ಯೆ ಉಸಿರು ನಿಲ್ಲುವ ತೊಂದರೆ ಇರುವವರಿಗಂತೂ ಇನ್ನೂ ಕಷ್ಟ.

ಎರಡುಗಂಟೆರಾತ್ರಿ

ನಾನು ಅಲರ್ಜಿಗಲ್ಲ, ನಿದ್ದೆಗೇ ಡೈಫೆನ್‌ಹೈಡ್ರಮಿನ್ ತೆಗೆದುಕೊಳ್ಳುತ್ತಿದ್ದೆ. ಮೊದಲ ಎರಡು ರಾತ್ರಿ ಸ್ವರ್ಗ. ವಾರ ಕಳೆಯುವಷ್ಟರಲ್ಲಿ ಒಂದು ಸಾಲದಾಯಿತು. ಎರಡು. ಆಮೇಲೆ ಮೂರು. ಒಂದು ರಾತ್ರಿ ಎದೆ ಢವಢವ ಹೊಡೆದುಕೊಳ್ಳಲು ಶುರುವಾಯಿತು. ಮುಖ ಕಾದ ಹೆಂಚು. ಗೋಡೆಯ ಮೇಲೆ ಇರುವೆ ಸಾಲು ಹೋಗುತ್ತಿತ್ತು, ಮುಟ್ಟಿದರೆ ಇರುವೆಯೇ ಇಲ್ಲ. ರೂಮ್‌ಮೇಟ್ ಆಸ್ಪತ್ರೆಗೆ ಕರೆದುಕೊಂಡು ಹೋದ. ರಾತ್ರಿಯಿಡೀ ಇಸಿಜಿ ಹಾಕಿ ಇಟ್ಟುಕೊಂಡರು. ಇದನ್ನು ಬರೆಯಲೋ ಬೇಡವೋ ಅಂತ ಯೋಚಿಸುತ್ತಿದ್ದೆ.

ವಾರ್ಡ್‌ಗಡಿಯಾರ

ಬರೆದಿದ್ದು ಒಳ್ಳೆಯದಾಯಿತು ತಮ್ಮಾ. ಈಗ ಹೇಗಿದ್ದೀಯ? ನಿದ್ದೆಗೆ ಯಾರನ್ನಾದರೂ ನೋಡಿದೆಯಾ?

ನಿನಗೆ ಆಗಿದ್ದು ಡೋಸ್ ಮಿತಿ ಮೀರಿದ ಲಕ್ಷಣವೇ. ಮೈ ಬಿಸಿ, ಚರ್ಮ ಕೆಂಪಗೆ ಒಣಗುವುದು, ಎದೆ ಬಡಿತ, ಇಲ್ಲದ್ದು ಕಾಣುವುದು. ಇದಕ್ಕಿಂತ ಮುಂದೆ ಹೋದರೆ ಫಿಟ್ಸ್, ಹೃದಯದ ತಾಳ ತಪ್ಪುವುದು. 2020ರಲ್ಲಿ ಹುಡುಗರು ವಿಡಿಯೋ ಮಾಡಲು ಪಂಥ ಕಟ್ಟಿ ಈ ಮಾತ್ರೆಯನ್ನು ಹೆಚ್ಚಾಗಿ ನುಂಗಿದ್ದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೇ ಎಚ್ಚರಿಕೆ ಹೊರಡಿಸಬೇಕಾಯಿತು, ಪ್ರಾಣ ಹೋಗಿತ್ತು. ಯಾರಾದರೂ ಹೆಚ್ಚು ನುಂಗಿದ್ದಾರೆ ಅಂತ ಗೊತ್ತಾದರೆ ಲಕ್ಷಣ ಬರಲಿ ಅಂತ ಕಾಯಬೇಡಿ. ಖಾಲಿ ಸ್ಟ್ರಿಪ್ ಕೈಯಲ್ಲಿ ಹಿಡಿದೇ ಆಸ್ಪತ್ರೆಗೆ ಹೋಗಿ.

ಎರಡುಗಂಟೆರಾತ್ರಿ

ಈಗ ಪರವಾಗಿಲ್ಲ ಅಕ್ಕ. ಡಾಕ್ಟರನ್ನು ನೋಡುತ್ತಿದ್ದೇನೆ. ಮಾತ್ರೆ ಬಿಟ್ಟು ಐದು ತಿಂಗಳು.

ಲಬ್‌ಡಬ್

ಹೃದಯದ ಮಾತು ಬಂತಲ್ಲ, ಒಂದು ಸೇರಿಸುತ್ತೇನೆ. ನನಗೆ ಇಸಿಜಿಯಲ್ಲಿ ಕ್ಯೂಟಿ ಉದ್ದ ಇದೆ. ಅಂದರೆ ಒಂದು ಬಡಿತ ಆದ ಮೇಲೆ ಹೃದಯ ಮುಂದಿನದಕ್ಕೆ ಸಜ್ಜಾಗಲು ಜಾಸ್ತಿ ಹೊತ್ತು ಹಿಡಿಯುತ್ತದೆ. ಹೈಡ್ರಾಕ್ಸಿಜಿನ್ ಅದನ್ನು ಇನ್ನೂ ಉದ್ದ ಮಾಡಬಹುದು. ಯುರೋಪಿನ ಔಷಧ ಸಂಸ್ಥೆ 2015ರಲ್ಲಿ ಇದೇ ಕಾರಣಕ್ಕೆ ಮಿತಿ ಹಾಕಿತು: ದೊಡ್ಡವರಿಗೆ ದಿನಕ್ಕೆ ಹೆಚ್ಚೆಂದರೆ 100 ಮಿ.ಗ್ರಾಂ., ವಯಸ್ಸಾದವರಿಗೆ ಬೇಡವೇ ಬೇಡ, ಕೊಡಲೇಬೇಕಾದರೆ 50 ದಾಟಬಾರದು. ನನ್ನಂಥವರಿಗೆ ಪೂರ್ತಿ ನಿಷಿದ್ಧ. ಅಜಿಥ್ರೊಮೈಸಿನ್, ಎಸ್ಸಿಟಲೊಪ್ರಾಮ್ ಇವೂ ಕ್ಯೂಟಿ ಉದ್ದ ಮಾಡುವ ಸಾಲಿನವು. ಭೇದಿ ಆಗಿ ಪೊಟ್ಯಾಸಿಯಂ ಇಳಿದಿದ್ದರೂ ಅಪಾಯ ಹೆಚ್ಚು. ನನ್ನ ಪರ್ಸಿನಲ್ಲಿ ಒಂದು ಚೀಟಿ ಇಟ್ಟುಕೊಂಡಿದ್ದೇನೆ, ಹೊಸ ಡಾಕ್ಟರಿಗೆ ಮೊದಲು ಅದನ್ನೇ ಕೊಡುವುದು.

ಯಾಕೆಹೀಗೆ

ನನ್ನದೊಂದು ಮೂಲಭೂತ ಪ್ರಶ್ನೆ. ಅಲರ್ಜಿ ಚರ್ಮದಲ್ಲಿ, ಮೂಗಿನಲ್ಲಿ. ಮಾತ್ರೆ ತಲೆಗೆ ಯಾಕೆ ಹೋಗಬೇಕು?

ಸ್ಟ್ರಿಪ್‌ಕತ್ತರಿ

ನನಗೆ ಇಷ್ಟದ ಪ್ರಶ್ನೆ, ಸ್ವಲ್ಪ ಉದ್ದ ಬರೆದರೆ ಕ್ಷಮಿಸಿ.

ಹಿಸ್ಟಮಿನ್ ಅಂದರೆ ನಮಗೆ ತುರಿಕೆ, ಸೀನು ಅಷ್ಟೇ ನೆನಪಾಗುತ್ತದೆ. ಆದರೆ ಮಿದುಳಿನಲ್ಲಿ ಅದರ ಕೆಲಸವೇ ಬೇರೆ. ಹೈಪೊಥಲಾಮಸ್ ಅನ್ನುವ ಜಾಗದಲ್ಲಿ ಒಂದು ಸಣ್ಣ ಗುಂಪು ಜೀವಕೋಶಗಳಿವೆ. ನಾವು ಎಚ್ಚರವಿರುವಷ್ಟು ಹೊತ್ತೂ ಅವು ಹಿಸ್ಟಮಿನ್ ಕಳಿಸುತ್ತಲೇ ಇರುತ್ತವೆ, ರಾತ್ರಿ ಕಾವಲುಗಾರ ಕೋಲು ಕುಟ್ಟುತ್ತಾ ಸುತ್ತಿದ ಹಾಗೆ. ಹಳೇ ಮಾತ್ರೆಗಳು ಕೊಬ್ಬಿನಲ್ಲಿ ಸುಲಭವಾಗಿ ಕರಗುವಂಥವು, ಮಿದುಳಿನ ತಡೆಗೋಡೆ ದಾಟಿ ಒಳಗೆ ನುಗ್ಗುತ್ತವೆ. ಚರ್ಮದ ತುರಿಕೆಯನ್ನೂ ನಿಲ್ಲಿಸುತ್ತವೆ, ಕಾವಲುಗಾರನ ಕೋಲನ್ನೂ ಕಿತ್ತುಕೊಳ್ಳುತ್ತವೆ. ಫೆಕ್ಸೊಫೆನಡಿನ್ ಥರದ ಹೊಸವು ಗೋಡೆಯ ಹತ್ತಿರ ಬಂದರೂ ಅಲ್ಲಿರುವ ಪಂಪುಗಳು ಹಿಡಿದು ಹೊರಗೆ ದಬ್ಬುತ್ತವೆ.

ಈ ಔಷಧಿಗಳ ದಾರಿ ತೆರೆದವರಲ್ಲಿ ಡೇನಿಯಲ್ ಬೊವೆ ಮುಖ್ಯರು, 1957ರಲ್ಲಿ ನೊಬೆಲ್ ಬಂತು. ಹೈಡ್ರಾಕ್ಸಿಜಿನ್ ಮಾರುಕಟ್ಟೆಗೆ ಬಂದಿದ್ದೂ 1950ರ ದಶಕದಲ್ಲೇ, ಆತಂಕಕ್ಕೂ ಅದನ್ನು ಕೊಡುತ್ತಿದ್ದರು, ಈಗಲೂ ಕೊಡುತ್ತಾರೆ. ಆಗ ಬೇರೆ ದಾರಿ ಕಡಿಮೆ ಇತ್ತು. ಈಗ ಪಿತ್ತಗಂಧೆಗೆ ಮೊದಲ ಆಯ್ಕೆ ಮಂಪರು ತರದ ಹೊಸ ಮಾತ್ರೆಗಳೇ. ಹಳೇದು ಕೆಟ್ಟದ್ದು ಅಂತಲ್ಲ. ಅದಕ್ಕೂ ಜಾಗ ಇದೆ, ಆದರೆ ದಿನಾ ನುಂಗುವುದಕ್ಕೆ ಅದು ಮೊದಲ ಜಾಗ ಅಲ್ಲ.

ಒಂದು ಎಚ್ಚರಿಕೆ ಬಿಟ್ಟುಹೋಗಿತ್ತು. ತುಟಿ ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ಅದು ಹಳೇದೂ ಹೊಸದೂ ಯಾವ ಅಲರ್ಜಿ ಮಾತ್ರೆಗೂ ಬಗ್ಗುವ ಅಲರ್ಜಿ ಅಲ್ಲ. ಅದಕ್ಕೆ ಬೇಕಾದದ್ದು ಅಡ್ರಿನಲಿನ್ ಇಂಜೆಕ್ಷನ್. ಮಾತ್ರೆ ನುಂಗಿ ಕಾಯುತ್ತಾ ಕೂರಬೇಡಿ, ಓಡಿ.

ಹಾಲುಗಲ್ಲ

ಎದೆಹಾಲು ಕುಡಿಸುವವರು?

ವಾರ್ಡ್‌ಗಡಿಯಾರ

ಮಂಪರಿನ ಮಾತ್ರೆ ಆದಷ್ಟು ಬೇಡ. ಮಗುವೂ ಮಂಕಾಗಬಹುದು, ಹಾಲೂ ಕಡಿಮೆಯಾಗಬಹುದು. ಕೇಳಿ ಹೊಸದರಲ್ಲಿ ಒಂದನ್ನು ಬರೆಸಿಕೊಳ್ಳಿ. ಗರ್ಭಿಣಿಯರಿಗೆ ಮೊದಲ ತಿಂಗಳುಗಳಲ್ಲಿ ಹೈಡ್ರಾಕ್ಸಿಜಿನ್ ಬೇಡ ಅಂತ ಲೇಬಲ್ಲಿನಲ್ಲೇ ಇದೆ.

ಅರ್ಧನಿದ್ದೆ

ಅಪ್‌ಡೇಟ್ ಕೊಡುತ್ತೇನೆ. ಫೋನ್ ಮಾಡಿದ್ದೆ, ಮರುದಿನವೇ ಬನ್ನಿ ಅಂದರು. ಸಿಗ್ನಲ್ ಕತೆ ಹೇಳಿದೆ. ಡಾಕ್ಟರು ಪೆನ್ ಕೆಳಗಿಟ್ಟು, "ನೀವು ಗಾಡಿ ಓಡಿಸುತ್ತೀರಿ ಅಂತ ನಾನು ಕೇಳಲೇ ಇಲ್ಲ" ಅಂದರು. ಅವರ ಮೇಲಿದ್ದ ಸಿಟ್ಟು ಅಲ್ಲಿಗೇ ಇಳಿಯಿತು. ಈಗ ಬೆಳಗ್ಗೆ ಫೆಕ್ಸೊಫೆನಡಿನ್. ಸೆಟಿರಿಜಿನ್ ಬಂದ್. ತುರಿಕೆಯಿಂದ ನಿದ್ದೆಯೇ ಬಾರದ ರಾತ್ರಿ ಮಾತ್ರ ಹೈಡ್ರಾಕ್ಸಿಜಿನ್ 10, ಅದೂ 8 ಗಂಟೆಗೆ, ಮರುದಿನ ಬಸ್ಸಿನಲ್ಲಿ ಹೋಗುವುದು. ಮುಂದೆ ಚರ್ಮದ ಮೇಲೆ ಅಲರ್ಜಿ ಪರೀಕ್ಷೆ ಮಾಡಿಸಬೇಕಾಗಬಹುದಂತೆ, ಅದಕ್ಕೆ ಮುಂಚೆ ಒಂದು ವಾರ ಈ ಯಾವ ಮಾತ್ರೆಯೂ ಬೇಡ, ಇಲ್ಲದಿದ್ದರೆ ಇರುವ ಅಲರ್ಜಿಯೂ ಕಾಣುವುದಿಲ್ಲ ಅಂದರು.

ದದ್ದು ಪೂರ್ತಿ ಹೋಗಿಲ್ಲ. ಆದರೆ ಈ ಪೋಸ್ಟನ್ನು ಒಂದೇ ಸಲ ಕೂತು ಬರೆದೆ.

ಸ್ಟ್ರಿಪ್‌ಕತ್ತರಿ

ಒಳ್ಳೆಯದು ಮೇಡಂ. ಫೆಕ್ಸೊಫೆನಡಿನ್ ನೀರಿನ ಜೊತೆ ಮಾತ್ರ ನುಂಗಿ. ಹಣ್ಣಿನ ರಸದ ಜೊತೆ ನುಂಗಿದರೆ ಮೈ ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ.

ಸೆಟಿರಿಜಿನ್ ನೆನಪಾಗಿದ್ದಕ್ಕೆ ಇನ್ನೊಂದು. ತಿಂಗಳುಗಟ್ಟಲೆ ದಿನಾ ಅದನ್ನು ನುಂಗಿ ಇದ್ದಕ್ಕಿದ್ದಂತೆ ಬಿಟ್ಟ ಕೆಲವರಿಗೆ ಜೋರು ತುರಿಕೆ ಬರುತ್ತದೆ ಅಂತ 2025ರಲ್ಲಿ ಅಮೆರಿಕದವರು ಎಚ್ಚರಿಕೆ ಸೇರಿಸಿದ್ದಾರೆ. ಅಪರೂಪ. ನಿಮಗೆ ಹಾಗೇನಾದರೂ ಆದರೆ "ಅಲರ್ಜಿ ಮತ್ತೆ ಬಂತು" ಅಂತ ನೀವೇ ತೀರ್ಮಾನ ಮಾಡದೆ ಡಾಕ್ಟರಿಗೆ ಹೇಳಿ.

ಹತ್ತುವರ್ಷ

ಎಲ್ಲ ಓದಿದೆ. ನನ್ನ ಸ್ಟ್ರಿಪ್ ತಿರುಗಿಸಿ ಆ ಸಣ್ಣ ಸಾಲು ಓದೋಣ ಅಂತ ಹೋದೆ. ಅಕ್ಷರ ಕಾಣಲಿಲ್ಲ. ಕನ್ನಡಕ ಹಾಕಿಕೊಂಡೆ, ಆಗಲೂ ಮಸುಕು. ಟ್ಯೂಬ್‌ಲೈಟ್ ಕೆಳಗೆ ಹಿಡಿದು, ಕೈ ದೂರ ಚಾಚಿ, ಹತ್ತಿರ ತಂದು, ಕೊನೆಗೆ ಮೊಮ್ಮಗನ ಕೈಲಿ ಓದಿಸಿದೆ. ಅವನು ಓದಿದ, "ವಾಹನ ಚಲಾಯಿಸಬೇಡಿ ತಾತ" ಅಂತ. "ತಾತ" ಅವನೇ ಸೇರಿಸಿದ್ದು.

ಎರಡು ವರ್ಷದಲ್ಲಿ ಮೂರು ಸಲ ಕನ್ನಡಕದ ನಂಬರ್ ಬದಲಿಸಿದ್ದೇನೆ ಸಿಸ್ಟರ್. ಅಂಗಡಿಯವನನ್ನೇ ಬೈಯುತ್ತಿದ್ದೆ.

ವಾರ್ಡ್‌ಗಡಿಯಾರ

58ಕ್ಕೆ ಚಾಳೀಸು ಎಲ್ಲರಿಗೂ ಇರುತ್ತದೆ. ಆದರೆ ಮೂರು ಸಲ ನಂಬರ್ ಬದಲಾಗಿದೆ ಅಂದರೆ ಕನ್ನಡಕದ ಅಂಗಡಿ ಬೇಡ, ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಕಣ್ಣಿನ ಒತ್ತಡ ನೋಡಲು ಹೇಳಿ. ಹತ್ತು ವರ್ಷದ ಕತೆಯನ್ನೂ, ಮಲ ಕಟ್ಟುವುದನ್ನೂ ಅವರಿಗೆ ಹೇಳಿ. ಅಲ್ಲಿಯವರೆಗೆ ಮಾತ್ರೆ ನುಂಗಬೇಡಿ, ಮೂಗಿಗೆ ಬೇರೆ ದಾರಿ ಇದೆಯಾ ಅಂತ ಇವತ್ತೇ ಡಾಕ್ಟರನ್ನು ಕೇಳಿ. ಕಣ್ಣು ಕೆಂಪಾಗಿ ಜೋರಾಗಿ ನೋವು ಬಂದರೆ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ನಾಳೆಗೆ ಇಡಬೇಡಿ, ಅದೇ ಗಂಟೆಗೆ ಹೊರಡಿ.

ಹತ್ತುವರ್ಷ

ನೋವಿಲ್ಲ. ನಾಳೆ ಬೆಳಗ್ಗೆ 10ಕ್ಕೆ ಟೈಮ್ ಸಿಕ್ಕಿದೆ. ಸ್ಟ್ರಿಪ್ಪನ್ನೂ ಮಲದ ಪುಡಿ ಡಬ್ಬವನ್ನೂ ಒಂದೇ ಚೀಲಕ್ಕೆ ಹಾಕಿಟ್ಟಿದ್ದೇನೆ. ಕಾರು ಮಗಳು ಓಡಿಸುತ್ತಾಳೆ.